ಪದಚರ್ಚೆ: ‘ಮರದ ಚಲನೆ’ಗೆ ಏನನ್ನಬೇಕು? ಮರ, ಕಬ್ಬಿಣ ಕೂಡಿದ ಮೇಜಿನ ಮಾತುಗಳು

ಪ್ರಶ್ನೆ

ಬಳಗದವರಿಗೆ ನಮಸ್ಕಾರ.

ಬೆಂಗಳೂರಿನ ಒಂದು ಹಂಚಿಕೆ ಕಚೇರಿಗೆ (ಹಲವರು ಜಾಗ ಹಂಚಿಕೊಂಡು ಕೆಲಸ ಮಾಡುವ ಕೋ-ವರ್ಕಿಂಗ್ ಕಚೇರಿ) ಹನ್ನೆರಡು ಮೇಜು ಮಾಡಿಸುವ ಕೆಲಸದ ಟಿಪ್ಪಣಿ ಕನ್ನಡಕ್ಕೆ ಆಗಬೇಕಿದೆ. ಓದುವವರು ಎರಡು ಕಡೆಯವರು: ಬಡಗಿ ಮತ್ತು ಫ್ಯಾಬ್ರಿಕೇಷನ್ ಅಂಗಡಿಯವರು. ಮೇಜಿನ ಮೇಲ್ಹಲಗೆ 1500 × 750 ಮಿ.ಮೀ., 25 ಮಿ.ಮೀ. ದಪ್ಪದ ತೇಗ, ಪಟ್ಟಿಗಳನ್ನು ಅಂಟಿಸಿ ಕೂಡಿಸಿದ್ದು. ಕೆಳಗೆ 40 × 40 × 2 ಚೌಕ ಪೈಪಿನ 1400 × 600 ಚೌಕಟ್ಟು. ಎತ್ತರ 750. ಈಗಿರುವ ಕರಡು ಹೀಗಿದೆ:

“ಮರದ ಚಲನೆಗೆ ಅವಕಾಶ ನೀಡುವ ಸಲುವಾಗಿ ರಂಧ್ರಗಳನ್ನು ಧಾನ್ಯಕ್ಕೆ ಅಡ್ಡಲಾಗಿ ಸ್ಲಾಟ್ ಮಾಡಿ ಮೇಲ್ಹಲಗೆಯನ್ನು ಚೌಕಟ್ಟಿಗೆ ಬೆಸೆಯಿರಿ. ಹಸಿರು ಮರ ಬಳಸಬಾರದು. ಬೆಂಡಾದ ಕಾಲುಗಳನ್ನು ತಿರಸ್ಕರಿಸಲಾಗುವುದು.”

‘ಧಾನ್ಯ’ ಯಂತ್ರದ ಅನುವಾದದ ಕೊಡುಗೆ (ಮೂಲದಲ್ಲಿ ಇದ್ದದ್ದು ‘ಗ್ರೇನ್’, ಅಂದರೆ ಮರದ ನಾರಿನ ಸಾಲು), ಅದನ್ನು ತೆಗೆಯುತ್ತೇವೆ. ಉಳಿದದ್ದರಲ್ಲಿ ‘ಮರದ ಚಲನೆ’ ಸರಿಯೇ? ‘ಹಿಗ್ಗುವಿಕೆ’ ಎಂದರೆ ಸಾಕೇ? ಸ್ಲಾಟ್‌ಗೆ (ಬೋಲ್ಟು ಸರಿಯಲು ಬಿಡುವ ಉದ್ದನೆಯ ತೂತು) ಕನ್ನಡದ್ದೇ ಮಾತು ಇದೆಯೇ? ಇನ್ನೊಂದು ಸಣ್ಣ ಸಂದೇಹ: ಇಂಥವರದೆಂದು ಗೊತ್ತುಮಾಡದೆ, ಆ ದಿನ ಬಂದವರು ಕೂರುವ ಮೇಜಿಗೆ ಏನೆನ್ನುವುದು?

ಮಾರುತ್ತರ

ಕೊನೆಯದನ್ನು ಮೊದಲು ಮುಗಿಸೋಣ. ‘ಸರದಿ ಮೇಜು’ ಎನ್ನಿ. ‘ಪಾಲು ಮೇಜು’ ಬೇಡ, ಅಣ್ಣತಮ್ಮಂದಿರು ಮನೆ ಮುರಿದುಕೊಂಡ ಹಾಗೆ ಕೇಳುತ್ತದೆ.

ಇನ್ನು ‘ಮರದ ಚಲನೆ’. ಇದನ್ನು ಓದಿದ ಬಡಗಿ, ಮೇಜಿಗೆ ಗಾಲಿ ಇದೆಯೇ ಎಂದು ಕೇಳಿದರೆ ತಪ್ಪು ಅವರದಲ್ಲ. ‘ಹಿಗ್ಗುವಿಕೆ’ಗೆ ಬೇರೆ ತೊಡಕು. ಶಾಲೆಯ ಪಾಠದಲ್ಲಿ ಹಿಗ್ಗುವುದು ಕಾವಿಗೆ: ರೈಲು ಕಂಬಿ, ಗಾಡಿಯ ಚಕ್ರದ ಪಟ್ಟಿ. ಮರದಲ್ಲಿ ಆಗುವುದು ತೇವದ ಕೆಲಸ, ಅದಕ್ಕೆ ನಮ್ಮಲ್ಲಿ ‘ಉಬ್ಬು’ ಎಂಬ ಮಾತು ತಯಾರಾಗಿಯೇ ಇದೆ. ಮಳೆಗಾಲದಲ್ಲಿ ಬಾಗಿಲು ಉಬ್ಬುತ್ತದೆ, ಹಿಗ್ಗುವುದಿಲ್ಲ. ಬೇಸಿಗೆಗೆ ಕುಗ್ಗುತ್ತದೆ. ಆದ್ದರಿಂದ ‘ಮರ ಉಬ್ಬಿ ಕುಗ್ಗಲು ಎಡೆ ಬಿಡಿ’ ಎಂದರೆ ಮುಗಿಯಿತು. ‘ಮರ ಆಡಲು ಎಡೆ ಬಿಡಿ’ ಎಂದು ಬರೆಯುವ ಆಸೆ ಕೆಲವರಿಗೆ ಬರಬಹುದು. ಬರೆಯಬೇಡಿ. ‘ಕಾಲು ಆಡುತ್ತಿದೆ’ ಎಂದರೆ ಕೀಲು ಸಡಿಲ ಎಂದರ್ಥ, ಬಡಗಿಗೆ ಅದು ಬೈಗುಳದ ಹತ್ತಿರದ ಮಾತು.

ಈ ವ್ಯತ್ಯಾಸ ಮಾತಿನದಷ್ಟೇ ಅಲ್ಲ ಎಂಬುದಕ್ಕೆ ಲೆಕ್ಕ ನೋಡಿ. ಹಸಿಯಿಂದ ಪೂರ್ತಿ ಒಣಗುವವರೆಗೆ ತೇಗ ಬೆಳವಣಿಗೆಯ ಬಳೆಗಳ ಗುಂಟ ಸುಮಾರು 5.8 ಶೇಕಡ, ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು 2.5 ಶೇಕಡ ಕುಗ್ಗುತ್ತದೆ. ಎಳೆಯ (ಮರದ ನಾರಿನ) ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬರುವುದಿಲ್ಲ. ಗಾಳಿಯ ತೇವ 65 ಶೇಕಡ ಇರುವಲ್ಲಿ ಇಟ್ಟ ಮರದಲ್ಲಿ ಸುಮಾರು 12 ಶೇಕಡ ತೇವ ನಿಲ್ಲುತ್ತದೆ. ಹಗಲೆಲ್ಲ ಎಸಿ ಓಡಿ ಗಾಳಿಯ ತೇವ 40ಕ್ಕೆ ಇಳಿದರೆ ಮರದ್ದು 8ಕ್ಕೆ ಬರುತ್ತದೆ. ಈ ನಾಲ್ಕು ಶೇಕಡದ ಇಳಿತಕ್ಕೆ 750 ಮಿ.ಮೀ. ಅಗಲದ ಹಲಗೆ, ಪಟ್ಟಿಗಳನ್ನು ದಿಮ್ಮಿಯಿಂದ ಚಪ್ಪಟೆಯಾಗಿ ಸೀಳಿದ್ದರೆ, ಆರು ಮಿ.ಮೀ. ಹತ್ತಿರ ಕುಗ್ಗುತ್ತದೆ. ತಿರುಳಿನ ನೇರಕ್ಕೆ ಸೀಳಿದ್ದರೆ ಎರಡೂವರೆ. 1500ರ ಉದ್ದದಲ್ಲಿ ಅರ್ಧ ಮಿ.ಮೀ. ಕೂಡ ಇಲ್ಲ.

ಕಬ್ಬಿಣ? 1500 ಮಿ.ಮೀ. ಪೈಪು 15 ಡಿಗ್ರಿ ಸೆಲ್ಸಿಯಸ್ ಕಾವು ಏರಿದರೆ ಕಾಲು ಮಿ.ಮೀ. ಹಿಗ್ಗುತ್ತದೆ, ಅಷ್ಟೇ. ಅಂದರೆ ಮೇಲಿನದು ಉಬ್ಬಿ ಕುಗ್ಗುವ ವಸ್ತು, ಕೆಳಗಿನದು ಜಪ್ಪಯ್ಯ ಎಂದರೂ ಜಗ್ಗದ ವಸ್ತು. ಎರಡನ್ನೂ ದುಂಡು ತೂತಿನಲ್ಲಿ ಬಿಗಿದರೆ ಮರವೇ ಸೋಲಬೇಕು. ಅಂಟಿನ ಗೆರೆಯ ಪಕ್ಕದಲ್ಲಿ ಎಳೆಯ ಗುಂಟ ಸೀಳು ಬಿಡುತ್ತದೆ, ಅದೂ ಸಾಮಾನ್ಯವಾಗಿ ಹಲಗೆಯ ತುದಿಯಿಂದ ಶುರುವಾಗಿ. ಜನ ಇದಕ್ಕೆ ‘ಅಂಟು ಕೆಟ್ಟದ್ದು’ ಎನ್ನುತ್ತಾರೆ. ಸೀಳನ್ನು ಬಗ್ಗಿ ನೋಡಿ: ಎರಡೂ ಮುಖದಲ್ಲಿ ಕಿತ್ತ ನಾರು ಕಂಡರೆ ಅಂಟು ತನ್ನ ಕೆಲಸ ಮಾಡಿದೆ, ಕೆಟ್ಟದ್ದು ಬೋಲ್ಟು ಹಾಕಿದ ರೀತಿ. ನಯವಾಗಿ, ಹೊಳಪಾಗಿ ಬಿಟ್ಟಿದ್ದರೆ ಆಗ ಅಂಟನ್ನು ಬೈಯಿರಿ.

ಗ್ರೇನ್‌ಗೆ ‘ಎಳೆ’ ಸಾಕು. ‘ಎಳೆಗೆ ಅಡ್ಡ’, ‘ಎಳೆಯ ಗುಂಟ’ ಎರಡೂ ಬಳಕೆಯಲ್ಲಿರುವ ಮಾತೇ. ‘ಹಸಿರು ಮರ’ ಹೋಗಿ ‘ಹಸಿ ಮರ’ ಬರಲಿ. ಕನ್ನಡ ಈ ವಿಷಯದಲ್ಲಿ ಇಂಗ್ಲಿಷಿಗಿಂತ ಚುರುಕು, ಬಣ್ಣಕ್ಕೂ ತೇವಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದೆ. ಆದರೆ ‘ಹಸಿ ಮರ ಬೇಡ’ ಎಂದರೆ ಅಳತೆ ಇಲ್ಲ, ಎಲ್ಲರೂ ತಮ್ಮದು ಒಣಗಿದ್ದೇ ಎನ್ನುತ್ತಾರೆ. ‘ಹದ ಮಾಡಿದ ಮರ, ತೇವ 8ರಿಂದ 10 ಶೇಕಡ, ತೇವದ ಮೀಟರ್ ಚುಚ್ಚಿ ನೋಡಿ ತೆಗೆದುಕೊಳ್ಳುವುದು’ ಎಂದು ಬರೆಯಿರಿ. ಮೀಟರನ್ನು ಹಲಗೆಯ ತುದಿಯಲ್ಲಿ ಚುಚ್ಚಬಾರದು. ತುದಿ ಬೇಗ ಒಣಗುತ್ತದೆ, ಸುಳ್ಳು ಹೇಳುತ್ತದೆ. ತುದಿಯಿಂದ ಅರ್ಧ ಮೀಟರ್ ಒಳಗೆ ಚುಚ್ಚಿ.

‘ಬೆಸೆಯಿರಿ’ ಅಪಾಯದ ಮಾತು. ಕವಿತೆಯಲ್ಲಿ ಮನಸ್ಸು ಬೆಸೆಯಬಹುದು, ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಬೆಸುಗೆ ಎಂದರೆ ವೆಲ್ಡಿಂಗ್ ಒಂದೇ. ಮರವನ್ನು ಅಂಟಿಸುತ್ತೇವೆ, ಬೋಲ್ಟನ್ನು ಬಿಗಿಯುತ್ತೇವೆ, ಕಬ್ಬಿಣವನ್ನು ಬೆಸೆಯುತ್ತೇವೆ. ಈ ಮೂರು ಕ್ರಿಯಾಪದ ಒಂದರ ಜಾಗಕ್ಕೆ ಇನ್ನೊಂದು ಬರದಿದ್ದರೆ ಟಿಪ್ಪಣಿಯ ಅರ್ಧ ಗೊಂದಲ ಕಳೆಯುತ್ತದೆ.

ಸ್ಲಾಟ್‌ಗೆ ‘ಉದ್ದತೂತು’ ನನ್ನ ಸಲಹೆ. ವಿವರಣೆಯಲ್ಲಿ ಹಾಗೆ ಬರೆದು, ನಕ್ಷೆಯಲ್ಲಿ ಸ್ಲಾಟ್ ಎಂದೇ ಬಿಡಿ. ಯಂತ್ರದ ಮುಂದೆ ನಿಂತವರು ‘ಸ್ಲಾಟ್ ಹೊಡಿ’ ಎಂದೇ ಹೇಳುವುದು.

ಪ್ರಶ್ನೆ ಕೇಳಿದವರಿಂದ

ಎಲ್ಲಕ್ಕೂ ಧನ್ಯವಾದ ಸರ್. ‘ಬೆಂಡಾದ’ ಉಳಿಯಬಹುದೇ? ಮತ್ತು ಉದ್ದತೂತು ಎಷ್ಟು ಉದ್ದ, ಯಾವ ಕಡೆಗೆ ಎಂಬುದನ್ನು ಒಂದೇ ಸಾಲಿನಲ್ಲಿ ಹೇಗೆ ಹೇಳುವುದು? ‘ಎಳೆಗೆ ಅಡ್ಡ’ ಎಂದರೆ ಕಬ್ಬಿಣದವರಿಗೆ ಎಳೆ ಎಲ್ಲಿ ಕಾಣುತ್ತದೆ?

ಮಾರುತ್ತರ

ಕಬ್ಬಿಣದ ಕಡೆಯಿಂದ ನಾನು ಹೇಳುತ್ತೇನೆ. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಚೌಕಟ್ಟು ಬೆಸೆಯುವ ಹೊತ್ತಿಗೆ ಹಲಗೆ ಇನ್ನೊಂದು ಊರಿನಲ್ಲಿರುತ್ತದೆ, ಎಳೆಯನ್ನು ನೋಡಿದವರು ಯಾರೂ ಇಲ್ಲ. ಹಾಗಾಗಿ ‘ಮೇಜಿನ ಅಗಲದ ದಿಕ್ಕಿಗೆ, 750ರ ಕಡೆಗೆ’ ಎಂದು ಅಂಕಿ ಹಾಕಿ ಹೇಳಬೇಕು.

ತೂತನ್ನು ಚೌಕ ಪೈಪಿಗೇ ಹೊಡೆಯಿಸಬೇಡಿ, ಒಳಗೆ ಸ್ಪ್ಯಾನರ್ ಹೋಗುವುದಿಲ್ಲ. ಚೌಕಟ್ಟಿಗೆ ಮೂರು ಅಡ್ಡ ಪೈಪು ಬರುತ್ತವಲ್ಲ, ಎರಡು ತುದಿಗೆ, ಒಂದು ನಡುವೆ. ಒಂದೊಂದರ ಮಗ್ಗುಲಿಗೂ 40 × 5 ಪಟ್ಟಿಯ ಮೂರು ತುಂಡು, ಪೈಪಿನ ಮೇಲ್ಮೈಗೆ ಸಮನಾಗಿ ಬೆಸೆಯಿರಿ. ನಡುವಿನ ತುಂಡಿಗೆ 7 ಮಿ.ಮೀ. ದುಂಡು ತೂತು. ಮುಂದಿನ ಮತ್ತು ಹಿಂದಿನ ತುಂಡಿಗೆ 7 × 16 ಸ್ಲಾಟ್. ಹೀಗೆ ಹಲಗೆ ನಡುವೆ ನಿಂತು ಎರಡೂ ಕಡೆಗೆ ಸಮನಾಗಿ ಉಬ್ಬಿ ಕುಗ್ಗುತ್ತದೆ. ಒಂದು ಮೇಜಿಗೆ ಒಂಬತ್ತು ಬೋಲ್ಟು, ಹನ್ನೆರಡಕ್ಕೆ 108. ಎಂ6 (6 ಮಿ.ಮೀ. ದಪ್ಪದ್ದು), ಉದ್ದ 20 ಮಿ.ಮೀ., ಅಗಲ ವಾಷರ್ ಸಮೇತ. 35ರ ಬೋಲ್ಟು ತಂದರೆ ಮೇಲ್ಹಲಗೆಯಿಂದ ಮೂಗು ಹೊರಗೆ ಹಾಕುತ್ತದೆ. ತಲೆ ಚಪ್ಪಟೆ ಕೂರುವ ಬೋಲ್ಟು ಮಾತ್ರ ಬೇಡ. ಇಳಿಜಾರಿನ ತಲೆ ಪಟ್ಟಿಯ ಅಂಚಿಗೆ ಕಚ್ಚಿ ಕೂತರೆ ಸ್ಲಾಟ್ ಇದ್ದೂ ಇಲ್ಲದ ಹಾಗೆ. ಬಿಗಿಯುವಾಗಲೂ ವಾಷರ್ ನಿಂತ ಮೇಲೆ ಕಾಲು ಸುತ್ತು ಸಾಕು. ತೋಳುಬಲ ತೋರಿಸಿದರೆ ಮರ ಮತ್ತೆ ಸೆರೆ.

‘ಬೆಂಡಾದ’ ತೆಗೆಯಿರಿ. ಅಂಗಡಿಯಲ್ಲಿ ಬೆಂಡ್ ಎಂದರೆ ಬಾಗಿದ್ದು, ಇಂಗ್ಲಿಷಿನಿಂದ ಬಂದದ್ದು. ಕನ್ನಡದ ಬೆಂಡು ಬೇರೆಯೇ, ಹಗುರವಾದ, ಟೊಳ್ಳು ತಿರುಳು. ಬಿಸಿಲಿಗೆ ಬೆಂಡಾಗುವ ಮನುಷ್ಯನೂ ಜಾತ್ರೆಯ ಬೆಂಡುಬತ್ತಾಸೂ ಆ ಕಡೆಯವು. ‘ಬೆಂಡಾದ ಕಾಲು’ ಎಂದರೆ ಬಾಗಿದ ಕಾಲೋ ಬಲವಿಲ್ಲದ ಕಾಲೋ? ತೆಳು ಪೈಪಿನಲ್ಲಿ ಎರಡೂ ಒಟ್ಟಿಗೇ ಆಗುತ್ತದೆ ಅನ್ನಿ. 2 ಮಿ.ಮೀ. ಗೋಡೆಯ ಪೈಪು ಮೀಟರಿಗೆ ಸುಮಾರು 2.3 ಕಿಲೋ ತೂಗಬೇಕು, ತೂಕ ಹಾಕಿಯೇ ತೆಗೆದುಕೊಳ್ಳಿ. ‘14 ಗೇಜ್’ (ಸುಮಾರು 2 ಮಿ.ಮೀ.) ಎಂದು ಬಾಯಲ್ಲಿ ಹೇಳಿ 16ರದ್ದು ಬಂದರೆ ಗೋಡೆ 1.6ಕ್ಕೆ ಇಳಿದಿರುತ್ತದೆ. ಗೇಜಿನಲ್ಲಿ ಅಂಕಿ ಏರಿದಷ್ಟೂ ದಪ್ಪ ಇಳಿಯುತ್ತದೆ, ಇದು ಎಷ್ಟೋ ಜನರಿಗೆ ತಲೆಕೆಳಗಾಗಿ ನೆನಪಿರುತ್ತದೆ. ಟಿಪ್ಪಣಿಯಲ್ಲಿ ಗೇಜ್ ಬೇಡ, ಮಿ.ಮೀ. ಇರಲಿ. ಹಾಗೆಯೇ ‘ಸೂತ್’. ತಮಿಳು ಬಲ್ಲವರು ಅದನ್ನೇ ನೂಲು ಎನ್ನುತ್ತಾರೆ. ಎರಡೂ ದಾರವೇ, ಎರಡೂ ಇಂಚಿನ ಎಂಟನೇ ಒಂದು, ಅಂದರೆ 3.2 ಮಿ.ಮೀ. ಮಾತಿಗೆ ಚೆನ್ನ, ಈ ನಕ್ಷೆಗೆ ಒರಟು.

ಚೌಕಟ್ಟನ್ನು ಮೊದಲು ಅಲ್ಲಲ್ಲಿ ಚುಕ್ಕೆಯಷ್ಟು ಬೆಸೆದು ನಿಲ್ಲಿಸುವುದಕ್ಕೆ ‘ಟ್ಯಾಕ್’ ಎನ್ನುತ್ತೇವೆ. ದರ್ಜಿಗಳ ‘ಹಸಿಹೊಲಿಗೆ’ಯ ಜಾಡಿನಲ್ಲಿ ‘ಹಸಿಬೆಸುಗೆ’ ಎಂದರೆ ಹೇಗೆ? ಕೆಲಸವೂ ಅದೇ: ಹಿಡಿದು ನೋಡುವುದು, ತಪ್ಪಿದ್ದರೆ ಬಿಚ್ಚುವುದು. ಹಸಿಬೆಸುಗೆ ಆದ ಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. 1400 × 600 ಚೌಕಟ್ಟಿಗೆ ಎರಡೂ ಓರೆ ಅಳತೆ 1523 ಬರಬೇಕು, ಎರಡರ ನಡುವೆ 2 ಮಿ.ಮೀ. ಮೀರಿದ ವ್ಯತ್ಯಾಸ ಇರಬಾರದು. ಮೂಲೆಮಟ್ಟ ಹಿಡಿದರೆ ಸಾಲದೇ ಎನ್ನಬೇಡಿ, ಅದರ ತೋಳು ಗಿಡ್ಡ, ದೂರದ ತಪ್ಪು ಅದಕ್ಕೆ ಕಾಣುವುದಿಲ್ಲ. ಒಂದು ಮೂಲೆಯನ್ನು ಪೂರ್ತಿ ಬೆಸೆದು ಮುಂದಿನದಕ್ಕೆ ಹೋದರೂ ಕೆಡುತ್ತದೆ. ಬೆಸುಗೆ ಆರುವಾಗ ತನ್ನ ಕಡೆಗೆ ಎಳೆಯುತ್ತದೆ. ಎದುರೆದುರು ಮೂಲೆಗಳಿಗೆ ದಾಟುತ್ತ ಸ್ವಲ್ಪ ಸ್ವಲ್ಪವೇ ಬೆಸೆಯಬೇಕು.

ಕಬ್ಬಿಣಕ್ಕೆ ಹಚ್ಚುವ ಪುಡಿಬಣ್ಣಕ್ಕೆ ‘ಪೌಡರ್ ಕೋಟಿಂಗ್’ ಹಾಗೇ ಇರಲಿ, ಬೋರ್ಡಿನ ಮೇಲೆ ಇರುವುದೇ ಅದು. ಅದು 180ರಿಂದ 200 ಡಿಗ್ರಿಯ ಒಲೆಯಲ್ಲಿ ಬೇಯುತ್ತದೆ, ಆದ್ದರಿಂದ ಎರಡು ಸಾಲು ಸೇರಿಸಿ: ಬೆಸುಗೆಯ ಕುಳಿಗೆ ಸಾಮಾನ್ಯ ಪುಟ್ಟಿ ತುಂಬಬಾರದು, ಒಲೆಯಲ್ಲಿ ಗುಳ್ಳೆ ಏಳುತ್ತದೆ. ಎರಡೂ ಕಡೆ ಮುಚ್ಚಿದ ಪೈಪಿಗೆ ಕಾಣದ ಜಾಗದಲ್ಲಿ 4 ಮಿ.ಮೀ. ತೂತು ಇರಬೇಕು, ಒಳಗಿನ ಗಾಳಿಗೆ ದಾರಿ ಬೇಕಲ್ಲ.

ಇನ್ನೊಂದು ಮಾರುತ್ತರ

ಎರಡು ಮಾತು ಸೇರಿಸುತ್ತೇನೆ.

ಮರ ಕಬ್ಬಿಣಕ್ಕೆ ತಾಗುವಲ್ಲಿ ಕಪ್ಪು ಕಲೆ ಏಳುವುದಕ್ಕೆ ‘ಟ್ಯಾನಿನ್ ಪ್ರತಿಕ್ರಿಯೆ’ ಎಂದು ಬರೆಯುವವರಿದ್ದಾರೆ. ನಮ್ಮ ‘ಒಗರು’ ಎಲ್ಲಿ ಹೋಯಿತು? ಒಗರಿರುವ ಮರಕ್ಕೆ ಬರೀ ಕಬ್ಬಿಣ, ಜೊತೆಗೆ ತೇವ ಸೇರಿದರೆ ಕಪ್ಪಾಗುತ್ತದೆ. ಅಳಲೆಕಾಯಿಗೆ ಅನ್ನಭೇದಿ ಹಾಕಿ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಹೊನ್ನೆ, ಜಾಲಿ, ಅಕೇಶಿಯಾ ಬಳಸುವುದಾದರೆ ಪಟ್ಟಿಯ ತೂತಿನ ಒಳ ಅಂಚಿಗೂ ಬಣ್ಣ ಹತ್ತಿದೆಯೇ ನೋಡಿ, ವಾಷರು ಸ್ಟೇನ್‌ಲೆಸ್ ಇರಲಿ. ಮೇಲ್ಹಲಗೆಯ ಅಡಿಗೂ ಮೇಲಿನಷ್ಟೇ ಮೆರುಗೆಣ್ಣೆ ಬಳಿಯಬೇಕು. ಮೇಲೆ ಮೂರು ಕೈ, ಅಡಿಗೆ ಸೊನ್ನೆ ಎಂದಾದರೆ ಅಡಿ ಒಂದೇ ತೇವ ಕುಡಿದು ಹಲಗೆ ದೋಣಿಯಾಗುತ್ತದೆ.

ಮೇಜಿಗೆ ಪ್ಲಗ್ ಪಾಯಿಂಟ್ ಕೂರಿಸುವುದಾದರೆ ಚೌಕಟ್ಟಿಗೆ ಅರ್ಥಿಂಗ್ ತಂತಿ ಕಡ್ಡಾಯ. ತಂತಿ ಹಿಡಿಯುವ ಜಾಗದಲ್ಲಿ ಪೌಡರ್ ಕೋಟಿಂಗ್ ಕೆರೆದು ಕಬ್ಬಿಣ ಕಾಣಿಸಬೇಕು, ಬಣ್ಣದ ಮೇಲೆ ಬಿಗಿದ ತಂತಿ ಅಲಂಕಾರಕ್ಕೆ. ಆ ಕರಡನ್ನು ಯಾರೋ ‘ಅರ್ಥವಿಲ್ಲದ ಮೇಜುಗಳನ್ನು ಸ್ವೀಕರಿಸುವುದಿಲ್ಲ’ ಎಂದು ಬರೆಯುವ ಮುಂಚೆ ‘ಭೂಸಂಪರ್ಕ’ ಎಂದು ಹಾಕಿಬಿಡಿ.

ಪ್ರಶ್ನೆ ಕೇಳಿದವರಿಂದ

ತಿದ್ದಿದ ಕರಡು:

“ಮರ ಹದ ಮಾಡಿದ್ದಿರಬೇಕು, ತೇವ 8ರಿಂದ 10 ಶೇಕಡ. ಮರ ಉಬ್ಬಿ ಕುಗ್ಗಲು ಎಡೆ ಬೇಕಾದ್ದರಿಂದ ಮುಂದಿನ, ಹಿಂದಿನ ಪಟ್ಟಿಗಳಲ್ಲಿ 7 × 16 ಉದ್ದತೂತು, ಮೇಜಿನ ಅಗಲದ ದಿಕ್ಕಿಗೆ. ನಡುವಿನ ಪಟ್ಟಿಯಲ್ಲಿ 7 ಮಿ.ಮೀ. ದುಂಡು ತೂತು. ಮೇಲ್ಹಲಗೆಯನ್ನು ಎಂ6 × 20 ಬೋಲ್ಟಿನಿಂದ ವಾಷರ್ ಸಮೇತ ಬಿಗಿಯುವುದು. ಬಾಗಿದ ಕಾಲನ್ನು ತೆಗೆದುಕೊಳ್ಳುವುದಿಲ್ಲ. ಎತ್ತರ 750.”

ಮಾರುತ್ತರ

ಕೊನೆಯ ‘ಎತ್ತರ 750’ ಎಂಬ ಮಾತಿಗೆ ತಕರಾರು. ಯಾವುದರ ಎತ್ತರ 750? ಫ್ಯಾಬ್ರಿಕೇಷನ್‌ನವರು ಚೌಕಟ್ಟನ್ನೇ 750ಕ್ಕೆ ಕಟ್ಟಿದರೆ ಹಲಗೆ ಕೂತು 775, ಕಾಲಿನ ಅಡಿಗೆ ಹಾಕುವ 15 ಮಿ.ಮೀ. ಬುಷ್ ಸೇರಿ 790. ಕೂತವರ ಹೆಗಲು ಕಿವಿಗೆ ಬರುತ್ತದೆ. ‘ನೆಲದಿಂದ ಮೇಲ್ಹಲಗೆಯ ಮೇಲ್ಮೈಗೆ 750. ಚೌಕಟ್ಟಿನ ಎತ್ತರ, ಬುಷ್ ಬಿಟ್ಟು, 710’ ಎಂದು ಬರೆಯಿರಿ.