ಮನೆಯ ಧ್ವನಿಮುದ್ರಣದ ಕೈಪಿಡಿಗೆ ತುರ್ತಾಗಿ ಪದಗಳು ಬೇಕು: ಕಂಡೆನ್ಸರ್, ಗೇನ್, ಸೌಂಡ್‌ಪ್ರೂಫಿಂಗ್, ಲೇಟೆನ್ಸಿ

ಪ್ರಶ್ನೆ

ಮಾನ್ಯರೆ,

ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಧ್ವನಿಮುದ್ರಣ ಮಾಡಬಯಸುವವರಿಗಾಗಿ ಇಂಗ್ಲಿಷಿನಲ್ಲಿ ಬರೆದ ಚಿಕ್ಕ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕರಡು ನಾಳೆ ಸಂಜೆಯೊಳಗೆ ಪುಟವಿನ್ಯಾಸಕ್ಕೆ ಹೋಗಬೇಕಾಗಿದೆ. ಇದನ್ನು ಓದುವವರು ಕಥೆ ಓದಿ ಕೇಳಿಸುವವರು, ಪಾಡ್‌ಕಾಸ್ಟ್ ನಡೆಸುವವರು, ಹಾಡುವವರು. ಯಾವ ಮೈಕನ್ನು ಕೊಳ್ಳಬೇಕು, ಅದರ ಜೊತೆಗೆ ಇನ್ನೇನು ಬೇಕು ಎಂಬುದಷ್ಟೇ ಅವರಿಗೆ ತಿಳಿಯಬೇಕಾದದ್ದು.

ನಾನು ಸಿಕ್ಕಿಕೊಂಡಿರುವುದು ನಾಲ್ಕು ಕಡೆ. ಕಂಡೆನ್ಸರ್ ಮೈಕಿಗೆ ‘ಸಾಂದ್ರಕ ಮೈಕು’ ಎಂದೂ ಡೈನಮಿಕ್ ಮೈಕಿಗೆ ‘ಚಲನಶೀಲ ಮೈಕು’ ಎಂದೂ ಸದ್ಯಕ್ಕೆ ಬರೆದಿದ್ದೇನೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಗೇನ್ ಮತ್ತು ವಾಲ್ಯೂಮ್ ಎರಡಕ್ಕೂ ‘ಧ್ವನಿಮಟ್ಟ’ ಎಂದೇ ಬರುತ್ತಿದೆ. ಸೌಂಡ್‌ಪ್ರೂಫಿಂಗ್ ಬೇರೆ, ಅಕೌಸ್ಟಿಕ್ ಟ್ರೀಟ್‌ಮೆಂಟ್ ಬೇರೆ ಎಂದು ಮೂಲದಲ್ಲಿ ಒತ್ತಿ ಹೇಳಿದೆ. ನನ್ನ ಕರಡಿನಲ್ಲಿ ಎರಡೂ ‘ಶಬ್ದನಿರೋಧ’ವೇ ಆಗಿಬಿಟ್ಟಿವೆ. ಹಾಡಿದ್ದು ಹೆಡ್‌ಫೋನಿನಲ್ಲಿ ತುಸು ಹೊತ್ತಿನ ಮೇಲೆ ಕೇಳಿಸುವ ಲೇಟೆನ್ಸಿಗೆ ‘ವಿಳಂಬ’ ಸಾಕೇ? ಮೂಲದ ಒಂದು ವಾಕ್ಯ ಹೀಗಿದೆ: ‘ಚಿಕ್ಕ ಕೋಣೆಯಲ್ಲಿ ಕಂಡೆನ್ಸರ್‌ಗಿಂತ ಡೈನಮಿಕ್ ಮೇಲು, ಏಕೆಂದರೆ ಅದು ಸುತ್ತಲಿನ ಸದ್ದನ್ನು ಹಿಡಿಯುವುದಿಲ್ಲ.’ ಪದ ಸೂಚಿಸುವಾಗ ಈ ವಾಕ್ಯ ನಿಮ್ಮ ಗಮನದಲ್ಲಿರಲಿ ಎಂದು ಕೋರುತ್ತೇನೆ.

ಉತ್ತರ 1

ನಾಲ್ಕು ಪದಗಳಿಗೆ ಮೊದಲು ಐದನೆಯದರ ಮಾತು. ಪುಟಪುಟದಲ್ಲೂ ‘ಮೈಕು’ ಎಂದಿರುವುದನ್ನು ಕನ್ನಡದ ಕೈಪಿಡಿ ಎನ್ನಲಾಗದು. ‘ಧ್ವನಿಗ್ರಾಹಕ’ ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ಹಿಡಿಯುವುದು ಎಂಬ ಅರ್ಥದ ‘ಗ್ರಹ್’ ಧಾತುವಿನಿಂದ ಬಂದಿರುವುದರಿಂದ ಅದು ಉಪಕರಣದ ಕೆಲಸವನ್ನೇ ಹೇಳುತ್ತದೆ. ‘ಮೈಕ್ರೊಫೋನ್’ ಎಂಬುದಾದರೋ ಗ್ರೀಕಿನ ‘ಚಿಕ್ಕದು’ ಮತ್ತು ‘ದನಿ’ ಎಂಬ ಎರಡು ಪದಗಳ ಜೋಡಣೆಯೇ ಹೊರತು ಕೆಲಸದ ಸುಳಿವನ್ನು ಕೊಡುವುದಿಲ್ಲ. ಮೈಕಿಗೂ ಸ್ಪೀಕರಿಗೂ ಒಟ್ಟಾಗಿ ‘ಧ್ವನಿವರ್ಧಕ’ ಎನ್ನುವ ಅಭ್ಯಾಸದಿಂದ ಆಗಿರುವ ಗೊಂದಲವೂ ಇದರಿಂದ ನೀಗುತ್ತದೆ.

ಉಳಿದಂತೆ ‘ಸಾಂದ್ರಕ’ ಸರಿಯಾಗಿಯೇ ಇದೆ, ಅದನ್ನು ಕೆದಕಬೇಡಿ. ಡೈನಮಿಕ್‌ಗೆ ‘ಗತಿಶೀಲ’, ಗೇನ್‌ಗೆ ‘ವರ್ಧನಾಂಕ’, ವಾಲ್ಯೂಮ್‌ಗೆ ‘ಧ್ವನಿಪ್ರಮಾಣ’. ‘ವಿಳಂಬ’ ಸಾಕು.

ಉತ್ತರ 2

ಕೊಳ್ಳುವವರನ್ನೂ ಗ್ರಾಹಕರೆಂದು, ಕೊಳ್ಳುವ ವಸ್ತುವನ್ನೂ ಗ್ರಾಹಕವೆಂದು ಕರೆಯುವ ಕೈಪಿಡಿ ಯಾರಿಗೂ ಉಪಯೋಗವಿಲ್ಲ. ‘ದನಿಹಿಡಿಕ’ ಎನ್ನಿ. ಸಂಸ್ಕೃತದಿಂದ ತಂದ ಪದ ಕನ್ನಡದ್ದು, ಇಂಗ್ಲಿಷಿನಿಂದ ತಂದದ್ದು ಪರಕೀಯ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಎರವಲು ಎಲ್ಲಿಂದ ಬಂದರೂ ಎರವಲೇ.

ಉತ್ತರ 3

‘ದನಿ’ ಕೂಡ ‘ಧ್ವನಿ’ಯ ತದ್ಭವವೇ. ಎರವಲನ್ನು ಒಲ್ಲದವರು ‘ಉಲಿ’ ಎಂದು ಹೊರಡಬೇಕಿತ್ತು. ಇನ್ನು ‘ಹಿಡಿಕ’ ಎಂದು ಕಂಡ ಕೂಡಲೇ ಓದುಗರು ‘ಹಿಡಿಕೆ’ಯ ಅಚ್ಚುತಪ್ಪೆಂದು ತಿಳಿಯುತ್ತಾರೆ. ಮೈಕಿಗೆ ಪದ ಬೇಕೆಂದು ಯಾರೂ ಕೇಳಿಲ್ಲ. ಬಸ್ಸು, ಕಾರುಗಳಂತೆಯೇ ಅದಕ್ಕೂ ಕೊನೆಯ ಉಕಾರ ಅಂಟಿ, ‘ಮೈಕಿಗೆ, ಮೈಕಿನಿಂದ’ ಎಂದು ವಿಭಕ್ತಿಗಳನ್ನು ತಾಳಿ, ಎಂದೋ ನಮ್ಮದಾಗಿದೆ. ಕೇಳಿದ ಪದಗಳ ಕಡೆಗೆ ಬನ್ನಿ.

ಉತ್ತರ 4

ಧ್ವನಿಮುದ್ರಣ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇಲ್ಲಿ ಪದ ತಪ್ಪಿದರೆ ಓದುಗರು ತಮಗೆ ಬೇಡದ ವಸ್ತುವಿಗೆ ಹಣ ಕೊಡುತ್ತಾರೆ.

‘ಸಾಂದ್ರಕ’ವನ್ನು ಕೈಬಿಡಿ. ಅದು ವಸ್ತುವಿನ ಅರ್ಥವನ್ನು ಕೊಡದೆ ಇಂಗ್ಲಿಷಿನ ಹಳೆಯ ರೂಢಿಯೊಂದನ್ನು ಕನ್ನಡಿಸುತ್ತದೆ. ವಿದ್ಯುದಾವೇಶವನ್ನು ಹಿಡಿದಿಡುವ ಸಾಧನವನ್ನು ಅವರು ಒಂದು ಕಾಲಕ್ಕೆ ಕಂಡೆನ್ಸರ್ ಎನ್ನುತ್ತಿದ್ದರು, ಈಗ ಕೆಪಾಸಿಟರ್ ಎನ್ನುತ್ತಾರೆ. ಹಳೆಯ ಹೆಸರು ಮೈಕಿನವರ ಬಳಕೆಯಲ್ಲಿ ಉಳಿದುಕೊಂಡಿದೆ, ಅಷ್ಟೆ. ಈ ಮೈಕಿನೊಳಗೆ ಯಾವುದೂ ಸಾಂದ್ರವಾಗುವುದಿಲ್ಲ. ತೆಳುವಾದ ಪೊರೆಯೊಂದು ಲೋಹದ ಫಲಕಕ್ಕೆ ಬಹಳ ಹತ್ತಿರದಲ್ಲಿ, ತಾಗದಂತೆ ನಿಂತಿರುತ್ತದೆ. ದನಿಗೆ ಪೊರೆ ಅಲುಗಿದಾಗ ನಡುವಿನ ಅಂತರ ಬದಲಾಗಿ ಅದರಿಂದ ವಿದ್ಯುತ್ ಸಂಕೇತ ಹುಟ್ಟುತ್ತದೆ. 1916ರಲ್ಲಿ ಇ. ಸಿ. ವೆಂಟ್ ರೂಪಿಸಿದ ತತ್ತ್ವ ಇದೇ. 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಆವೇಶವನ್ನು ತಾನೇ ಹಿಡಿದಿಟ್ಟುಕೊಳ್ಳುವ ಎಲೆಕ್ಟ್ರೆಟ್ ಪೊರೆಯನ್ನು ಬಳಕೆಗೆ ತಂದ ಮೇಲೆ ಈ ಬಗೆಯ ಮೈಕು ಅಗ್ಗವಾಯಿತು.

‘ಚಲನಶೀಲ’ವೂ ‘ಗತಿಶೀಲ’ವೂ ಹೀಗೆಯೇ ದಾರಿ ತಪ್ಪಿಸುತ್ತವೆ, ಏಕೆಂದರೆ ಪೊರೆ ಎರಡು ಬಗೆಯಲ್ಲೂ ಚಲಿಸುತ್ತದೆ. ಡೈನಮಿಕ್ ಮೈಕಿನ ವಿಶೇಷವೆಂದರೆ ಪೊರೆಗೆ ಅಂಟಿದ ತಂತಿಯ ಸುರುಳಿ ಆಯಸ್ಕಾಂತದ ಕ್ಷೇತ್ರದಲ್ಲಿ ಆಡುವುದು. ಆದ್ದರಿಂದ ‘ಸುರುಳಿ ಮೈಕು’ ಎನ್ನಬಹುದು. ಕಂಡೆನ್ಸರನ್ನು ಕಂಡೆನ್ಸರ್ ಎಂದೇ ಉಳಿಸಿ, ಮೊದಲ ಸಲ ಬಂದಾಗ ಅದರ ಕೆಲಸವನ್ನು ಒಂದು ಸಾಲಿನಲ್ಲಿ ಹೇಳಿ. ಕೊಳ್ಳುವವರಿಗೆ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ: ಕಂಡೆನ್ಸರ್ ಮೈಕಿಗೆ ವಿದ್ಯುತ್ ಬೇಕು. ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಕೇಬಲ್ಲಿನದಾದರೆ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸ್ ಅದೇ ಕೇಬಲ್ಲಿನ ಮೂಲಕ ಕೊಡುವ 48 ವೋಲ್ಟಿನ ವಿದ್ಯುತ್ತು, ಅಂದರೆ ಫ್ಯಾಂಟಮ್ ಪವರ್ ಬೇಕಾಗುತ್ತದೆ; ಯುಎಸ್‌ಬಿ ಮೈಕಾದರೆ ಸಂಕೇತವನ್ನು ಅಂಕೆಗಳಾಗಿಸುವ ಪರಿವರ್ತಕ ಮೈಕಿನೊಳಗೇ ಇದ್ದು, ಬೇಕಾದ ವಿದ್ಯುತ್ತು ಕಂಪ್ಯೂಟರಿನ ಕೇಬಲ್ಲಿನಿಂದಲೇ ಬರುತ್ತದೆ. ಒಬ್ಬರೇ ಮಾತಾಡಿ ಮುದ್ರಿಸುವುದಕ್ಕೆ ಯುಎಸ್‌ಬಿ ಮೈಕು ಸಾಕು. ಇಬ್ಬರನ್ನು ಬೇರೆ ಬೇರೆ ಮೈಕಿನಲ್ಲಿ ಮುದ್ರಿಸಬೇಕಾದರೆ ಇಂಟರ್‌ಫೇಸಿಗೆ ಹಣ ತೆಗೆದಿಡುವುದೇ ಮೇಲು.

ಈಗ ಮೂಲದ ಆ ವಾಕ್ಯ. ಅದು ತಪ್ಪು. ಕಂಡೆನ್ಸರ್ ಹೆಚ್ಚು ಸೂಕ್ಷ್ಮವೆಂಬುದು ನಿಜ, ಆದರೆ ಆ ಸೂಕ್ಷ್ಮತೆ ನಿಮ್ಮ ದನಿಯನ್ನೂ ಕೋಣೆಯ ಸದ್ದನ್ನೂ ಒಂದೇ ಪ್ರಮಾಣದಲ್ಲಿ ದೊಡ್ಡದು ಮಾಡುತ್ತದೆ. ಅವೆರಡರ ಅನುಪಾತ ಅದರಿಂದ ಬದಲಾಗುವುದಿಲ್ಲ. ಅನುಪಾತವನ್ನು ನಿರ್ಧರಿಸುವುದು ಬಾಯಿಗೂ ಮೈಕಿಗೂ ಇರುವ ದೂರ ಮತ್ತು ಮೈಕು ಯಾವ ದಿಕ್ಕಿನಿಂದ ಕೇಳುತ್ತದೆ ಎಂಬುದು. ದೂರವನ್ನು ಅರ್ಧಕ್ಕೆ ಇಳಿಸಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಸದ್ದು ಇದ್ದಷ್ಟೇ ಇರುತ್ತದೆ. ವೇದಿಕೆಯ ಡೈನಮಿಕ್ ಮೈಕುಗಳನ್ನು ತುಟಿಗೆ ತಾಗುವಷ್ಟು ಹತ್ತಿರ ಹಿಡಿಯುವ ರೂಢಿಯಿಂದಲೇ ಅವು ಸುತ್ತಲಿನ ಸದ್ದನ್ನು ಹಿಡಿಯುವುದಿಲ್ಲ ಎಂಬ ನಂಬಿಕೆ ಹಬ್ಬಿದೆ. ‘ಸೂಕ್ಷ್ಮಗ್ರಾಹಿ ಮೈಕು’ ಎಂಬ ಹೆಸರನ್ನು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ: ಆ ಹೆಸರು ಈ ತಪ್ಪು ನಂಬಿಕೆಯನ್ನು ಗಟ್ಟಿ ಮಾಡುತ್ತದೆ.

ಗೇನ್‌ಗೆ ‘ಗೇನ್’ ಎಂದೇ ಬರೆಯಿರಿ. ಇಂಟರ್‌ಫೇಸಿನ ತಿರುಪಿನ ಮೇಲೆ ಆ ಪದವೇ ಅಚ್ಚಾಗಿರುತ್ತದೆ. ‘ವರ್ಧನಾಂಕ’ವನ್ನು ಹುಡುಕಿಕೊಂಡು ಹೋದವರಿಗೆ ಅದು ಎಲ್ಲೂ ಸಿಗುವುದಿಲ್ಲ. ವಿವರಣೆಯಾಗಿ ‘ಒಳಬರುವ ಸಂಕೇತದ ಏರಿಕೆ’ ಎನ್ನಿ, ವಾಲ್ಯೂಮಿಗೆ ‘ಕೇಳಿಸುವ ಮಟ್ಟ’ ಎನ್ನಿ. ಈ ಭೇದವನ್ನು ಬಿಡುವಂತಿಲ್ಲ. ವಾಲ್ಯೂಮನ್ನು ಎಷ್ಟು ತಿರುಗಿಸಿದರೂ ಮುದ್ರಣ ಕೆಡುವುದಿಲ್ಲ, ಗೇನ್ ಮಿತಿಮೀರಿದರೆ ಅಲೆಗಳ ತುದಿ ಕತ್ತರಿಸಿಹೋಗಿ ಮುದ್ರಣವನ್ನು ಮತ್ತೆ ಮೊದಲಿನಂತೆ ಮಾಡಲಾಗದು. 24 ಬಿಟ್‌ನಲ್ಲಿ ಮುದ್ರಿಸುವವರು ದನಿಯ ಗರಿಷ್ಠ ಮಟ್ಟವನ್ನು ಸೊನ್ನೆಗಿಂತ, ಅಂದರೆ ಅಲೆ ಕತ್ತರಿಸಿಹೋಗುವ ಮಿತಿಗಿಂತ, 10–12 ಡೆಸಿಬೆಲ್ ಕೆಳಗಿಟ್ಟುಕೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ. ಶೂರ್ ಎಸ್‌ಎಂ7ಬಿಯಂತಹ ಡೈನಮಿಕ್ ಮೈಕಿನ ಸಂಕೇತ ಬಹಳ ಸಣ್ಣದು. ಅದಕ್ಕೆ ಸುಮಾರು 60 ಡೆಸಿಬೆಲ್ ಗೇನ್ ಬೇಕು, ಅಗ್ಗದ ಇಂಟರ್‌ಫೇಸುಗಳನ್ನು ಅಷ್ಟು ಏರಿಸಿದರೆ ಅವುಗಳದೇ ‘ಸುಯ್’ ಎನ್ನುವ ಸದ್ದು ಮೇಲಕ್ಕೆ ಬರಬಹುದು. ‘ಡೈನಮಿಕ್ ಮೇಲು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಕೈಪಿಡಿ ಈ ಖರ್ಚನ್ನು ಓದುಗರಿಂದ ಮರೆಮಾಡುತ್ತದೆ.

ಉತ್ತರ 5 (ಮೊದಲ ಉತ್ತರ ಬರೆದವರಿಂದ)

‘ಸುರುಳಿ ಮೈಕು’! ದೇಶ್ಯವನ್ನೂ ಇಂಗ್ಲಿಷನ್ನೂ ಬೆಸೆದ ಸಮಾಸ. ಕೇಶಿರಾಜ ಇಂಥದ್ದನ್ನು ಅರಿಸಮಾಸವೆಂದು ಬಿಟ್ಟುಬಿಟ್ಟದ್ದು ಸುಮ್ಮನೆ ಅಲ್ಲ. ತಾಂತ್ರಿಕರು ತಂತ್ರವನ್ನು ಹೇಳಲಿ, ಪದರಚನೆಯನ್ನು ವ್ಯಾಕರಣ ಬಲ್ಲವರಿಗೆ ಬಿಡಲಿ.

ಉತ್ತರ 6

ಅರಿಸಮಾಸದ ಮಾತು ಸಂಸ್ಕೃತ ಮತ್ತು ಕನ್ನಡ ಪದಗಳ ಬೆಸುಗೆಗೆ ಸಂಬಂಧಿಸಿದ್ದು. ಅಲ್ಲಿಯೂ ಬಿರುದುಗಳಿಗೆ ಮತ್ತು ಹಿಂದಿನ ಕವಿಗಳ ಪ್ರಯೋಗಗಳಿಗೆ ಕೇಶಿರಾಜ ಎಡೆ ಬಿಟ್ಟಿದ್ದಾನೆ. ‘ಬಸ್ ನಿಲ್ದಾಣ’ ಎಂಬ ಫಲಕದ ಕೆಳಗೆ ನಿಂತು ಬಸ್ಸಿಗಾಗಿ ಕಾಯುವವರೆಲ್ಲ ವ್ಯಾಕರಣ ತಪ್ಪಿದವರಲ್ಲ. ಮುಂದಕ್ಕೆ ಹೋಗೋಣ.

ಸೌಂಡ್‌ಪ್ರೂಫಿಂಗಿಗೆ ‘ಸದ್ದುತಡೆ’ ಸಾಕು. ಅಕೌಸ್ಟಿಕ್ ಟ್ರೀಟ್‌ಮೆಂಟ್ ಎಂಬುದನ್ನು ‘ಧ್ವನಿ ಚಿಕಿತ್ಸೆ’ ಎಂದು ಬರೆದದ್ದನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ಅಲ್ಲಿ ಮಾಡುವುದು ಕೋಣೆಯೊಳಗೆ ಹುಟ್ಟಿದ ದನಿ ಗೋಡೆಯಿಂದ ಗೋಡೆಗೆ ಹೊರಳುತ್ತ ಉಳಿಯದಂತೆ ನೋಡಿಕೊಳ್ಳುವ ಕೆಲಸ. ಹಾಗೆ ಉಳಿಯುವುದಕ್ಕೆ ‘ಪ್ರತಿಧ್ವನಿ’ ಎಂಬ ಪದವೂ ಸಲ್ಲದು. ಪ್ರತಿಧ್ವನಿ ಬೇರೆಯಾಗಿ ಕೇಳಿಸಬೇಕಾದರೆ ಗೋಡೆ ಸುಮಾರು 17 ಮೀಟರ್ ದೂರವಿರಬೇಕೆಂದು ಶಾಲೆಯಲ್ಲೇ ಓದಿದ್ದೇವೆ. ಮನೆಯ ಕೋಣೆಯಲ್ಲಿ ಅಷ್ಟು ಜಾಗವೆಲ್ಲಿದೆ? ಶಾಸ್ತ್ರದ ಪದ ‘ಅನುರಣನ’. ಘಂಟೆ ಹೊಡೆದ ಮೇಲೆ ಉಳಿದು ಮೊಳಗುವ ನಾದದ ಹೆಸರು ಅದು. ನಮ್ಮ ಕಾವ್ಯಮೀಮಾಂಸೆಯ ಧ್ವನಿವಾದಿಗಳು ವಾಚ್ಯಾರ್ಥದ ಹಿಂದೆ ಹೊಳೆಯುವ ಅರ್ಥಕ್ಕೆ ಹೋಲಿಕೆಯಾಗಿ ತೆಗೆದುಕೊಂಡದ್ದೂ ಅದನ್ನೇ. ಆದರೆ ಈ ಕೈಪಿಡಿಯ ಓದುಗರಿಗೆ ಅದಕ್ಕಿಂತ ಹತ್ತಿರದ ಪದ ‘ಗುಂಗು’. ಗೋಡೆಗೆ ತಗುಲಿಸುವ ಫೋಮ್ ‘ಗುಂಗು ಹೀರುವ ಹಾಸು’. ಹೀಗೆ ಬರೆದರೆ ಅದು ಬೀದಿಯ ಸದ್ದನ್ನು ತಡೆಯುತ್ತದೆಂದು ಯಾರೂ ತಿಳಿಯುವುದಿಲ್ಲ. ಸದ್ದನ್ನು ತಡೆಯುವುದಕ್ಕೆ ಭಾರವಾದ ಗೋಡೆಯೂ ಗಾಳಿಯಾಡದಂತೆ ಮುಚ್ಚಿದ ಸಂದುಗಳೂ ಬೇಕು, ಹಗುರಾದ ಫೋಮಿನಿಂದ ಅದು ಆಗದು. ತೆಳು ಫೋಮು ಗುಂಗನ್ನಾದರೂ ಪೂರ್ತಿ ಹೀರುತ್ತದೆಯೇ ಎಂದರೆ ಅದೂ ಇಲ್ಲ: 1000 ಹರ್ಟ್ಸಿನ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್, 100 ಹರ್ಟ್ಸಿನದು 3.4 ಮೀಟರ್, ಎರಡು ಬೆರಳು ದಪ್ಪದ ಹಾಸು ಆ ದೊಡ್ಡ ಅಲೆಯ ಮೇಲೆ ಹೆಚ್ಚೇನೂ ಮಾಡಲಾರದು. ಬಟ್ಟೆ ತುಂಬಿದ ಕಪಾಟು, ದಪ್ಪನೆಯ ಹಾಸಿಗೆ, ಮಡಿಕೆಯಿರುವ ಭಾರದ ಪರದೆ ಇವು ಮನೆಯಲ್ಲಿ ಮೊದಲೇ ಇರುತ್ತವೆ. ಕಡಿಮೆ ಖರ್ಚಿನ ಕೈಪಿಡಿ ಅಲ್ಲಿಂದಲೇ ತೊಡಗಬೇಕು.

‘ವಿಳಂಬ’ ಬೇಡ. ಓದುಗರಲ್ಲಿ ಹಾಡುವವರೂ ಇದ್ದಾರೆಂದು ನೀವೇ ಬರೆದಿದ್ದೀರಿ. ಅವರಿಗೆ ವಿಳಂಬವೆಂದರೆ ಹಾಡಿನ ನಿಧಾನಗತಿಯ ಕಾಲ, ದೋಷವಲ್ಲ. ‘ವಿಳಂಬ ಕಡಿಮೆಯಿರಲಿ’ ಎಂದರೆ ಬೇಗ ಹಾಡಿ ಎಂದಂತಾಗುತ್ತದೆ. ‘ತಡ’ ಎನ್ನಿ: ಹಾಡಿದ್ದು ಹೆಡ್‌ಫೋನಿಗೆ ತಡವಾಗಿ ಬರುವುದು.

ಉತ್ತರ 7 (ಪ್ರಶ್ನೆ ಕೇಳಿದವರಿಂದ)

ಎಲ್ಲರಿಗೂ ಕೃತಜ್ಞತೆಗಳು. ಮೈಕು, ಕಂಡೆನ್ಸರ್, ಗೇನ್ ಹಾಗೆಯೇ ಇರುತ್ತವೆ. ಡೈನಮಿಕ್ ಎಂಬ ಹೆಸರು ಪೆಟ್ಟಿಗೆಯ ಮೇಲೆ ಇರುವುದರಿಂದ ಅದನ್ನೂ ಉಳಿಸಿ, ‘ಸುರುಳಿ’ಯನ್ನು ವಿವರಣೆಗೆ ಇಟ್ಟುಕೊಳ್ಳುತ್ತೇನೆ. ‘ಸದ್ದುತಡೆ’, ‘ಗುಂಗು’, ‘ತಡ’ ಮೂರನ್ನೂ ಸಂತೋಷದಿಂದ ತೆಗೆದುಕೊಂಡಿದ್ದೇನೆ. ಮೂಲದ ವಾಕ್ಯವನ್ನು ಪ್ರಕಾಶಕರ ಒಪ್ಪಿಗೆ ಪಡೆದು ಹೀಗೆ ತಿದ್ದಿದ್ದೇನೆ: ‘ಕೋಣೆಯಲ್ಲಿ ಗುಂಗು ಹೆಚ್ಚಿದ್ದರೆ ಮೈಕನ್ನು ಬದಲಾಯಿಸುವ ಮೊದಲು ಬಾಯಿಗೆ ಹತ್ತಿರ ತನ್ನಿ. ಬಹಳ ಹತ್ತಿರ ತಂದಾಗ, ಒಂದೇ ದಿಕ್ಕಿನಿಂದ ಹೆಚ್ಚು ಕೇಳುವ ಮೈಕಿನಲ್ಲಿ ದನಿ ದಪ್ಪಗಾಗುತ್ತದೆ; ಪ, ಫ, ಬ, ಭಗಳ ಉಸಿರು ಮೈಕಿಗೆ ಬಡಿಯುತ್ತದೆ. ಆಗ ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಓರೆಯಾಗಿ ಇಡಿ.’ ಇದೇ ಜಾಗದಲ್ಲಿ, ಉಸಿರಿನ ಬಡಿತವನ್ನು ತಡೆಯಲು ಮೈಕಿನ ಮುಂದೆ ಇಡುವ ಜಾಲರಿಯಾದ ಪಾಪ್ ಫಿಲ್ಟರಿನ ಮಾತೂ ಬರುತ್ತದೆ. ‘ಶೋಧಕ’ ಹೊಂದುವುದಿಲ್ಲವೆನಿಸಿ ‘ಉಸಿರುತಡೆ’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದರೆ ಇಂದೇ ತಿಳಿಸಿ.

ಉತ್ತರ 8 (ಮೊದಲ ಉತ್ತರ ಬರೆದವರಿಂದ)

‘ವಿಳಂಬ’ದ ಆಕ್ಷೇಪವನ್ನು ಒಪ್ಪುತ್ತೇನೆ, ಸಂಗೀತದ ಅರ್ಥ ಅಲ್ಲಿ ನಿಜವಾಗಿಯೂ ಅಡ್ಡ ಬರುತ್ತದೆ. ‘ಉಸಿರುತಡೆ’ಗೂ ನನ್ನ ವಿರೋಧವಿಲ್ಲ, ಮಹಾಪ್ರಾಣಗಳು ಕನ್ನಡದ ಬಾಯಿಯಲ್ಲಿ ಇಲ್ಲವೆಂದು ವಾದಿಸುವವರು ಆ ಜಾಲರಿಯನ್ನು ತೆಗೆದು ‘ಫಲ’, ‘ಭಯ’ ಎಂದು ಒಮ್ಮೆ ಮುದ್ರಿಸಿ ಕೇಳಲಿ. ಮೈಕಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಕೊನೆಯ ಪದಪಟ್ಟಿಯಲ್ಲಾದರೂ ‘ಧ್ವನಿಗ್ರಾಹಕ’ಕ್ಕೆ ಒಂದು ಸಾಲು ಕೊಡಿ.