ಹೊರಗಿನ ಸೌದೆ ಬಾಯ್ಲರ್‌ನಿಂದ ಮನೆ ಬೆಚ್ಚಗಿಡುವುದು: ಉತ್ತರ ನ್ಯೂಯಾರ್ಕ್‌ನ ಚಳಿಗೆ ಇದು ತಕ್ಕುದೇ?

ಪ್ರಶ್ನೆ — ನದಿಯಂಚಿನ ಮನೆ

ನ್ಯೂಯಾರ್ಕ್ ರಾಜ್ಯದ ಉತ್ತರ ತುದಿಯಲ್ಲಿ, ಸೇಂಟ್ ಲಾರೆನ್ಸ್ ನದಿಗೆ ಸಮೀಪದ ಹಳ್ಳಿಯೊಂದರಲ್ಲಿ ಹಳೆಯ ತೋಟದ ಮನೆಯನ್ನು ಕೊಂಡಿದ್ದೇವೆ. ಗ್ಯಾಸ್ ಕೊಳವೆ ಇಲ್ಲಿಗೆ ಬಂದಿಲ್ಲ. ನೆಲಮಾಳಿಗೆಯ ತೈಲದ ಫರ್ನೇಸ್ ಬಿಸಿಗಾಳಿಯನ್ನು ಕೋಣೆಗಳಿಗೆ ಕಳುಹಿಸುತ್ತದೆಯಾದರೂ, ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ರಾತ್ರಿಗಳೂ ಇರುವ ಈ ಊರಿನಲ್ಲಿ ಅದರ ಖರ್ಚನ್ನು ಪ್ರತಿ ಚಳಿಗಾಲವೂ ಭರಿಸುವುದು ಕಷ್ಟ. ಜಮೀನಿನ ಅಂಚಿನಲ್ಲಿ ಮೇಪಲ್ ಮತ್ತು ಆಶ್ ಮರಗಳು ಸಾಕಷ್ಟಿವೆ. ಅಂಗಳದಲ್ಲಿ ಸೌದೆ ಬಾಯ್ಲರ್ ನಿಲ್ಲಿಸಿ, ನೆಲದಡಿಯ ಕೊಳವೆಯಲ್ಲಿ ಬಿಸಿನೀರು ತರುವ ಯೋಚನೆಯಿದೆ. ಹಸಿ ಸೌದೆಯನ್ನು ಹಾಕಿದರೂ ನಡೆಯುತ್ತದೆ ಎಂದು ಮಾರಾಟಗಾರರೊಬ್ಬರು ಹೇಳುತ್ತಾರೆ. ಪಕ್ಕದ ಮನೆಯಲ್ಲಿ ಆಸ್ತಮಾ ಇರುವ ಮಗುವಿದೆ ಎಂಬುದೇ ನನ್ನನ್ನು ತಡೆದಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ — ಸೌದೆಕೊಟ್ಟಿಗೆ

ಹಸಿ ಸೌದೆಯ ಮಾತನ್ನು ಖಂಡಿತ ನಂಬಬೇಡಿ. ಆಗ ತಾನೆ ಕಡಿದ ಮರದ ತೂಕದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರೇ ಇರುತ್ತದೆ. ಆ ನೀರನ್ನು ಆವಿಯಾಗಿಸಲು ಬೆಂಕಿಯ ಶಾಖ ವ್ಯಯವಾಗುವುದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಒಲೆ ತಣ್ಣಗಾಗಿ ಸೌದೆಯಿಂದ ಹೊರಟ ಅನಿಲಗಳು ಉರಿಯದೆಯೇ ಹೊಗೆಯಾಗಿ ಹೋಗಿಬಿಡುತ್ತವೆ. ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲೇ ಒಣ ಸೌದೆಯನ್ನು ಕೊಟ್ಟಿಗೆಗೆ ಸೇರಿಸುವ ಮುಂದಾಲೋಚನೆ ಇಲ್ಲಿ ಒಂದು ವರ್ಷ ಮುಂಚಿತವಾಗಿಯೇ ಬೇಕು: ಮೇಪಲ್ ಮತ್ತು ಆಶ್ ಸೀಳಿದ ಮೇಲೆ ಒಂದು ಪೂರ್ಣ ಬೇಸಿಗೆಯಾದರೂ ಗಾಳಿಗೆ ಒಣಗಬೇಕು, ಓಕ್ ಆದರೆ ಎರಡು. ತೇವದ ಮಾಪಕವನ್ನು ಆಗಷ್ಟೇ ಸೀಳಿದ ಒಳಮೈಗೆ ಚುಚ್ಚಿ ನೋಡಿದಾಗ 20 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ಹೊರಮೈಯ ಅಳತೆಗೆ ಬೆಲೆಯಿಲ್ಲ.

ನಿಮ್ಮ ನೆರೆಮನೆಯ ಮಗುವಿನ ಬಗ್ಗೆ ನಿಮಗಿರುವ ಕಾಳಜಿ ಸರಿಯಾದದ್ದೇ. ಹಳೆಯ ಮಾದರಿಗಳಲ್ಲಿ, ನೀರು ಬೇಕಾದಷ್ಟು ಕಾದೊಡನೆ ಗಾಳಿಯ ಕಿಂಡಿ ಮುಚ್ಚಿಕೊಂಡು, ತುಂಬಿಟ್ಟ ಸೌದೆ ಗಂಟೆಗಟ್ಟಲೆ ಕಮರುತ್ತ ಕೂರುತ್ತದೆ. ನೆಲದ ಮಟ್ಟದಲ್ಲಿ ಹರಡುವ ದಟ್ಟ ಹೊಗೆ ಹುಟ್ಟುವುದು ಆಗಲೇ. ಆದ್ದರಿಂದ ಕಡುಚಳಿಗಿಂತ ಅಕ್ಟೋಬರ್ ಮತ್ತು ಏಪ್ರಿಲ್ ತಿಂಗಳುಗಳ ಇಳಿಚಳಿಯಲ್ಲೇ, ಅಥವಾ ಮನೆಗೆ ಬೇಕಾದುದಕ್ಕಿಂತ ದೊಡ್ಡ ಬಾಯ್ಲರ್ ಕೊಂಡವರಲ್ಲೇ ತೊಂದರೆ ಹೆಚ್ಚು. ಹೊಸದಾಗಿ ಮಾರಾಟವಾಗುವ ಬಾಯ್ಲರ್‌ಗಳು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2020ರ ಹೊಗೆಯ ಮಿತಿಗೆ ಒಳಪಟ್ಟಿರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಯಾರದೋ ಅಂಗಳದ ಹಳೆಯದನ್ನು ತರಬೇಡಿ. ಅನಿಲಗಳನ್ನು ಎರಡನೆಯ ಕೋಣೆಯಲ್ಲಿ ಮತ್ತೆ ಉರಿಸುವ ಮಾದರಿಯನ್ನು, ಸಾಧ್ಯವಾದರೆ ಶಾಖವನ್ನು ಕೂಡಿಡುವ ದೊಡ್ಡ ನೀರಿನ ತೊಟ್ಟಿಯೊಂದಿಗೆ ಆರಿಸಿಕೊಂಡರೆ, ಬೆಂಕಿ ಪೂರ್ಣ ರಭಸದಲ್ಲಿ ಉರಿದು ಮುಗಿಯುತ್ತದೆ ಮತ್ತು ಕಮರುವ ಹೊತ್ತು ತೀರ ಕಡಿಮೆಯಾಗುತ್ತದೆ.

ನ್ಯೂಯಾರ್ಕ್ 2011ರಲ್ಲಿ ಜಾರಿಗೆ ತಂದ ನಿಯಮದಂತೆ, ವಾಸದ ಮನೆಯ ಹೊಸ ಬಾಯ್ಲರ್ ಜಮೀನಿನ ಗಡಿಯಿಂದ 100 ಅಡಿ ದೂರವಿರಬೇಕು, ಚಿಮಣಿ ನೆಲದಿಂದ ಕನಿಷ್ಠ 18 ಅಡಿ ಎತ್ತರವಿರಬೇಕು. ಗಾಳಿ ಸಾಮಾನ್ಯವಾಗಿ ಆ ಮಗುವಿನ ಮನೆಯ ಕಡೆಗೇ ಬೀಸುವುದಾದರೆ ಈ ಅಂತರ ಸಾಲದೆಂದು ನನ್ನ ಅಭಿಪ್ರಾಯ. ನಿಮ್ಮ ಊರಾಡಳಿತದ ಕಟ್ಟಳೆ ಇನ್ನೂ ಬಿಗಿಯಾಗಿರಬಹುದಾದ್ದರಿಂದ ಮೊದಲು ಅಲ್ಲಿ ವಿಚಾರಿಸಿ, ಮನೆಯ ವಿಮೆಯವರಿಗೂ ತಿಳಿಸಿ.

ಉತ್ತರ — ಕೊಳವೆ ಕೆಲಸದವರು

ಹಣವನ್ನು ಬಾಯ್ಲರ್‌ಗೆ ಸುರಿದು ಕೊಳವೆಯಲ್ಲಿ ಉಳಿಸುವವರು ಬಹಳ ಮಂದಿ. ನೆಲದಡಿಯ ಕೊಳವೆಯ ಸುತ್ತಲಿನ ಹೊದಿಕೆಗೆ ನೀರು ನುಗ್ಗಿದರೆ ಶಾಖವೆಲ್ಲ ಮಣ್ಣಿಗೇ ಹೋಗುತ್ತದೆ. ಅಂಗಳದ ಹಿಮ ಕೊಳವೆಯ ಗೆರೆಯುದ್ದಕ್ಕೂ ಕರಗಿದ್ದರೆ ಅದೇ ಗುರುತು. ಮುಚ್ಚಿದ ರಂಧ್ರಗಳ ಫೋಮ್ ತುಂಬಿದ, ನೀರು ಒಳಹೋಗದ ಹೊರಕವಚವಿರುವ ಕೊಳವೆಯನ್ನೇ ಹಾಕಿಸಿ. ಮನೆಯಿಂದ ಮರಳುವ ನೀರು 60 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಒಲೆಯ ಗೋಡೆಯ ಮೇಲೆ ಹೊಗೆಯ ತೇವ ಕಟ್ಟಿ ಲೋಹವನ್ನು ತಿನ್ನುವುದರಿಂದ, ಬಿಸಿನೀರನ್ನು ಬೆರೆಸುವ ಕವಾಟವೊಂದು ಅಗತ್ಯ. ಬಾಯ್ಲರ್‌ನ ನೀರಿಗೆ ತುಕ್ಕುನಿರೋಧಕ ಬೆರೆಸಿ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ನಿಮ್ಮದು ಬಿಸಿಗಾಳಿಯ ವ್ಯವಸ್ಥೆಯಾದ್ದರಿಂದ ಫರ್ನೇಸಿನ ಗಾಳಿದಾರಿಯಲ್ಲಿ ಬಿಸಿನೀರಿನ ಸುರುಳಿಯೊಂದನ್ನು ಕೂರಿಸಿದರೆ ಸಾಕು; ತೈಲದ ಫರ್ನೇಸನ್ನು ಮಾತ್ರ ತೆಗೆಸಬೇಡಿ. ಹಿಮಬಿರುಗಾಳಿಗೆ ಕರೆಂಟ್ ಹೋದರೆ ಪಂಪು ನಿಂತು ನೀರು ಒಂದು ಕಡೆ ಕುದಿಯುತ್ತದೆ, ಇನ್ನೊಂದು ಕಡೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ಸಣ್ಣ ಜನರೇಟರ್ ಇರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ನಮ್ಮ ಆಶ್ ಮರಗಳಲ್ಲಿ ಹಲವು ಹಸಿರು ಕೊರಕ ಹುಳುವಿಗೆ ಸಿಕ್ಕಿ ನಿಂತಲ್ಲೇ ಒಣಗಿವೆ. ಅವನ್ನೇ ನೇರವಾಗಿ ಉರಿಸಬಹುದೇ?

ಉತ್ತರ — ಸೌದೆಕೊಟ್ಟಿಗೆ

ಮೇಲಿನ ಕೊಂಬೆಗಳು ಒಣಗಿರಬಹುದು, ಬುಡದ ಕಡೆ ತೇವ ಉಳಿದಿರುತ್ತದೆ. ಸೀಳಿ, ಅಳೆದು ನೋಡಿ. ಸತ್ತ ಆಶ್ ಕೊಂಬೆಗಳು ಮುನ್ಸೂಚನೆಯಿಲ್ಲದೆ ಮುರಿದು ಬೀಳುವುದರಿಂದ, ಕಡಿಯುವ ಕೆಲಸವನ್ನು ನುರಿತವರಿಗೆ ಒಪ್ಪಿಸಿ. ಈ ಹುಳು ಸೌದೆಯ ಜೊತೆಗೇ ಊರೂರು ಸುತ್ತುತ್ತದೆ. ನ್ಯೂಯಾರ್ಕ್‌ನಲ್ಲಿ ಶಾಖದಿಂದ ಸಂಸ್ಕರಿಸದ ಸೌದೆಯನ್ನು 50 ಮೈಲಿಗಿಂತ ದೂರ ಸಾಗಿಸುವಂತಿಲ್ಲ. ನಿಮ್ಮ ಜಮೀನಿನದು ಅಲ್ಲೇ ಉರಿಯಲಿ. ಈ ಚಳಿಗಾಲವನ್ನು ತೈಲದಲ್ಲೇ ಕಳೆದು, ಸೌದೆಯನ್ನು ಈಗಲೇ ಸೀಳಿ ಪೇರಿಸಿಟ್ಟರೆ, ಬಾಯ್ಲರನ್ನು ಮುಂದಿನ ಬೇಸಿಗೆಯಲ್ಲಿ ಕೂರಿಸಬಹುದು.