ಅಳಿಯನ ಮನೆತನದ ಮೂಲಪುರುಷ 1635ರಲ್ಲಿ ಹಡಗು ಹತ್ತಿದನಂತೆ. ಹುಡುಕುವುದು ಹೇಗೆ?

ವಿದ್ಯಾನಗರದ ಟೀಚರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವಳು. ಇತಿಹಾಸ ನನಗೆ ಅಷ್ಟಕ್ಕಷ್ಟೆ. ಮಗಳು ಬಾಸ್ಟನ್ ಹತ್ತಿರ ಇದ್ದಾಳೆ, ಅಳಿಯ ಅಲ್ಲಿಯವನೇ. ಮೊಮ್ಮಗನಿಗೆ ಸ್ಕೂಲಿನಲ್ಲಿ ವಂಶವೃಕ್ಷ ಬರೆಯಲು ಹೇಳಿದ್ದಾರೆ.

ನಮ್ಮ ಕಡೆಯದು ಸಲೀಸು. ಜಗಳೂರು ಕಡೆಯ ನನ್ನ ತವರಿಗೆ ಹೆಳವರು ಎತ್ತಿನ ಮೇಲೆ ಬರುತ್ತಿದ್ದರು. ಜಗುಲಿ ಮೇಲೆ ಕೂತು ಏಳು ತಲೆಮಾರಿನ ಹೆಸರು ಹೇಳಿ, ಕಾಳು ಕಡಿ ಇಸಕೊಂಡು ಹೋಗುತ್ತಿದ್ದರು. ಅಪ್ಪ ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು.

ತೊಂದರೆ ಇರುವುದು ಅಳಿಯನ ಕಡೆಯದು. ಬೀಗಿತ್ತಿ ಒಂದು ಹಾಳೆ ಕಳಿಸಿದ್ದಾರೆ. ಅವರ ಮೂಲಪುರುಷ 1635ರಲ್ಲಿ ಇಂಗ್ಲೆಂಡಿನಿಂದ ಬಂದ ಪ್ಯೂರಿಟನ್ ಅಂತೆ, ಅಂದರೆ ಅಲ್ಲಿಯ ಚರ್ಚನ್ನು ಶುದ್ಧ ಮಾಡಬೇಕು ಅನ್ನುತ್ತಿದ್ದ ಕ್ರೈಸ್ತ ಪಂಥದವನು. ಮೇಫ್ಲವರ್ ಹಡಗಿನಲ್ಲಿ ಬಂದ ಅಂತ ಅವರ ಮನೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ನೆಲೆಸಿದ್ದು ಮ್ಯಾಸಚೂಸೆಟ್ಸ್‌ನ ಡೆಡ್‌ಹ್ಯಾಮ್‌ನಲ್ಲಿ. ಸತ್ತದ್ದು "20, 12ನೇ ತಿಂಗಳು, 1659/60". ಅದು ಡಿಸೆಂಬರ್ ಇಪ್ಪತ್ತಾ? ಒಬ್ಬ ಮನುಷ್ಯ ಎರಡು ವರ್ಷದಲ್ಲಿ ಹೇಗೆ ಸಾಯುತ್ತಾನೆ? ಇನ್ನೊಂದು ವಿಚಿತ್ರ. ಉಯಿಲಿನ ಪ್ರಕಾರ ಇಬ್ಬರು ಗಂಡು, ಒಬ್ಬಳೇ ಹೆಣ್ಣು. ಆ ಹುಡುಗಿಗೆ ಎಂಟು ವರ್ಷ. ಆದರೂ "ಸನ್ ಇನ್ ಲಾ"ಗೆ ಒಂದು ಹಸು ಬರೆದಿದ್ದಾನೆ! ಹೆಂಡತಿಯ ತವರಿನ ಹೆಸರಂತೂ ಎಲ್ಲೂ ಇಲ್ಲ.

ದುರ್ಗದ ಮೇಷ್ಟ್ರು

ಟೀಚರ್, ಅದು ಡಿಸೆಂಬರ್ ಅಲ್ಲ, ಫೆಬ್ರವರಿ. ಆಗ ಇಂಗ್ಲಿಷರಿಗೆ ಹೊಸ ವರ್ಷ ಮಾರ್ಚ್ 25ಕ್ಕೆ. ಮಾರ್ಚೇ ಒಂದನೇ ತಿಂಗಳು. ಮಾರ್ಚ್, ಜನವರಿ ಎಲ್ಲ ರೋಮನ್ ದೇವರ ಹೆಸರು. ಅವನ್ನು ಬಳಸುವುದು ಎಷ್ಟೋ ಪ್ಯೂರಿಟನ್ನರಿಗೆ ಹಿಡಿಸುತ್ತಿರಲಿಲ್ಲ, ಅದಕ್ಕೇ ನಂಬರು ಹಾಕುತ್ತಿದ್ದರು. ಆತ ಸತ್ತದ್ದು ಅವರ ಲೆಕ್ಕಕ್ಕೆ 1659, ನಮ್ಮ ಲೆಕ್ಕಕ್ಕೆ 1660. ಯುಗಾದಿಗೆ ಮುಂಚೆ ಫಾಲ್ಗುಣದಲ್ಲಿ ತೀರಿಕೊಂಡವರನ್ನು ಹಳೆ ಸಂವತ್ಸರಕ್ಕೇ ಸೇರಿಸುತ್ತೇವಲ್ಲ, ಹಾಗೆ. 1752ರಲ್ಲಿ ಬ್ರಿಟನ್ ಹೊಸ ವರ್ಷವನ್ನು ಜನವರಿ 1ಕ್ಕೆ ತಂದಿತು, 11 ದಿನ ಹಾರಿಸಿಯೂ ಬಿಟ್ಟಿತು. ಮೊಮ್ಮಗನ ಕೈಲಿ 1659/60 ಅಂತಲೇ ಬರೆಸಿ, ತಿದ್ದಬೇಡಿ.

ಸುಮ್ನೆ ಒಂದು ಮಾತು. ಆ ಪುಣ್ಯಾತ್ಮ ಹಡಗು ಹತ್ತುವ ಹೊತ್ತಿಗೆ ನಮ್ಮ ಕೋಟೆಯಲ್ಲಿ ಕಸ್ತೂರಿ ರಂಗಪ್ಪ ನಾಯಕ ಆಳುತ್ತಿದ್ದ. ಹುಡುಗನಿಗೆ ಹೇಳಿ, ಖುಷಿ ಆಗುತ್ತೆ.

ಹರಿಹರದ ಹುಡುಗ, ಈಗ ಬಾಸ್ಟನ್

ಮೇಡಂ, ಮೊದಲು ಮೇಫ್ಲವರ್ ಬಿಟ್ಟುಬಿಡಿ. ಅದು ಬಂದದ್ದು 1620ರಲ್ಲಿ, 102 ಜನರನ್ನು ಹೊತ್ತು, ಪ್ಲಿಮತ್‌ಗೆ. ಇಲ್ಲಿ ಹಳೆ ಮನೆತನದವರಿಗೆಲ್ಲ ಆ ಹಡಗಿನ ಮೇಲೆ ಒಂದು ಆಸೆ! ನಿಮ್ಮವರು ಬಂದದ್ದು ಆಮೇಲಿನ ದೊಡ್ಡ ಗುಂಪಿನಲ್ಲಿ. 1630ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಗವರ್ನರ್ ಜಾನ್ ವಿನ್‌ತ್ರಾಪ್ 11 ಹಡಗು ತಂದ. 1640ರ ಹೊತ್ತಿಗೆ ನ್ಯೂ ಇಂಗ್ಲೆಂಡಿಗೆ, ಅಂದರೆ ಅಮೆರಿಕದ ಈ ಈಶಾನ್ಯ ಮೂಲೆಗೆ, ಸುಮಾರು 20,000 ಜನ ಬಂದಿದ್ದರು. ಡೆಡ್‌ಹ್ಯಾಮ್ ಹುಟ್ಟಿದ್ದೇ 1636ರಲ್ಲಿ. ಹಾಗಾಗಿ ಈತ ಮೊದಲ ವರ್ಷ ಬೇರೆ ಊರಲ್ಲಿ ಇದ್ದಿರಬೇಕು. ಅಲ್ಲಿಯ ದಾಖಲೆಯನ್ನೂ ನೋಡಿ.

ಹಡಗಿನ ಪಟ್ಟಿಗಳು ಹೆಚ್ಚಿನವು ಕಳೆದುಹೋಗಿವೆ. ಅದೃಷ್ಟಕ್ಕೆ ಲಂಡನ್ ಬಂದರಿನ 1635ರ ಪಟ್ಟಿ ಉಳಿದಿದೆ. ಆಮೇಲೆ "ಫ್ರೀಮನ್" ಪಟ್ಟಿ ನೋಡಿ, ಅಂದರೆ ವಸಾಹತಿನಲ್ಲಿ ಮತ ಹಾಕುವ ಹಕ್ಕು ಇದ್ದವರ ಪಟ್ಟಿ. 1631ರಿಂದ ಚರ್ಚಿನ ಸದಸ್ಯರಿಗೆ ಮಾತ್ರ ಆ ಹಕ್ಕು. ಫ್ರೀಮನ್ ಆದ ದಿನ ಸಿಕ್ಕಿದರೆ ಅದಕ್ಕೂ ಮೊದಲೇ ಚರ್ಚಿಗೆ ಸೇರಿದ್ದ ಅಂತ ಗೊತ್ತಾಗುತ್ತೆ.

ಸನ್ ಇನ್ ಲಾ ವಿಷಯ. ಆ ಕಾಲದಲ್ಲಿ ಹೆಂಡತಿಯ ಮೊದಲ ಗಂಡನ ಮಗನನ್ನೂ ಹಾಗೇ ಕರೆಯುತ್ತಿದ್ದರು. ಅಂದರೆ ಆಕೆ ವಿಧವೆಯಾಗಿ ಈತನನ್ನು ಮರುಮದುವೆ ಆಗಿರಬಹುದು. ಆ ಹುಡುಗನ ಮನೆಹೆಸರು ಹಿಡಿದು ಹುಡುಕಿ. ಮೊದಲ ಗಂಡನ ಆಸ್ತಿ ಪಟ್ಟಿ ಸಿಕ್ಕಿದರೆ ಆಕೆಯ ಹೆಸರೂ ಅಲ್ಲಿರಬಹುದು. ಹಳೆ ದಾಖಲೆಗಳ ಫ್ಯಾಮಿಲಿಸರ್ಚ್ ವೆಬ್‌ಸೈಟ್ ಪುಕ್ಕಟೆ, ದಾವಣಗೆರೆಯಲ್ಲೇ ಕೂತು ನೋಡಬಹುದು. ಬೀಗಿತ್ತಿಯವರಿಗೆ ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿಗೆ ಹೋಗಲು ಹೇಳಿ. 1845ರದು. 1635ರವರೆಗೆ ಬಂದವರ ಒಬ್ಬೊಬ್ಬರ ಬದುಕನ್ನೂ ಅವರು ಪುಸ್ತಕಗಳಲ್ಲಿ ಹಾಕಿದ್ದಾರೆ.

ಒಂದು ಎಚ್ಚರಿಕೆ. ಇಂಗ್ಲೆಂಡಿನ ಚರ್ಚ್ ರಿಜಿಸ್ಟರ್‌ನಲ್ಲಿ ಅದೇ ಹೆಸರು ಕಂಡ ಕೂಡಲೇ ಇವನೇ ಅವನು ಅಂತ ಜೋಡಿಸಬೇಡಿ. ನಮ್ಮೂರಲ್ಲಿ ಬಸವರಾಜ ಅಂತ ಕೂಗಿದರೆ ಎಷ್ಟು ಜನ ತಿರುಗುತ್ತಾರೆ?

ದುರ್ಗದ ಮೇಷ್ಟ್ರು

ನಮ್ಮಲ್ಲೂ ಅಳಿಯ ಅಂದರೆ ಮಗಳ ಗಂಡನೂ ಹೌದು, ಅಕ್ಕನ ಮಗನೂ ಹೌದು. ಮುನ್ನೂರು ವರ್ಷ ಕಳೆದ ಮೇಲೆ ನಮ್ಮ ಕಾಗದ ಓದುವವನೂ ಹೀಗೇ ತಲೆ ಕೆರೆದುಕೊಳ್ಳುತ್ತಾನೆ.

ವಿದ್ಯಾನಗರದ ಟೀಚರ್, ದಾವಣಗೆರೆ

ಮೂರು ರಾತ್ರಿ ಕೂತೆ. ಕನ್ನಡಕದ ನಂಬರು ಜಾಸ್ತಿ ಆಗಿರಬೇಕು. ಹರಿಹರದಪ್ಪಾ, ನೀನು ಹೇಳಿದ್ದೇ ಸರಿ! ಆ ಹುಡುಗನ ಮನೆಹೆಸರಿನ ಒಬ್ಬ 1640ರ ದಶಕದಲ್ಲಿ ಸತ್ತಿದ್ದಾನೆ. ಅವನ ಆಸ್ತಿ ಪಟ್ಟಿಯಲ್ಲಿ ಈಕೆಯ ಹೆಸರಿದೆ, ಒಬ್ಬ ಚಿಕ್ಕ ಮಗನ ಹೆಸರಿದೆ. ಇನ್ನೂ ಒಂದು ಆಧಾರ ಸಿಗುವವರೆಗೆ ಪೆನ್ಸಿಲ್ಲಿನಲ್ಲೇ ಬರೆಸಿದ್ದೇನೆ.

ಎರಡನೇ ಗಂಡನ ಆಸ್ತಿ ಪಟ್ಟಿಯನ್ನೂ ಓದಿದೆ. ನೆರೆಯವರು ಕೋಣೆ ಕೋಣೆಗೂ ಹೋಗಿ ಬೆಲೆ ಕಟ್ಟಿದ್ದಾರೆ. ಕಬ್ಬಿಣದ ಪಾತ್ರೆ, ಹಳೇ ಹಾಸಿಗೆ, ಒಂದು ಬೈಬಲ್, ಎರಡು ಹಂದಿ. ಉಯಿಲಿಗೆ ಸಹಿ ಇಲ್ಲ, ಒಂದು ಗೀಟು ಅಷ್ಟೆ. ಬೈಬಲ್ ಇದ್ದವನು ಯಾಕೆ ಗೀಟು ಹಾಕಿದ ಅಂತ ಮೊಮ್ಮಗ ಕೇಳಿದ. ಓದಲು ಬಂದರೂ ಬರೆಯಲು ಬಾರದವರು ನಮ್ಮಲ್ಲೂ ಇದ್ದರು, ನಮ್ಮಜ್ಜಿ ಹಾಗೇ ಅಂದೆ. ಸಾಯುವ ಹೊತ್ತಿಗೆ ಕೈ ನಡುಗಿರಲೂಬಹುದು.

ಮೇಫ್ಲವರ್ ಹೋಯಿತು ಅಂತ ಬೀಗಿತ್ತಿಗೆ ಮಗಳು ಇನ್ನೂ ಹೇಳಿಲ್ಲ. ಈಗ ಹುಡುಗ, ನಿಮ್ಮಪ್ಪನ ನೋಟ್‌ಬುಕ್ಕಿನಲ್ಲಿ ಹೆಂಗಸರ ಹೆಸರು ಯಾಕಿಲ್ಲ ಅಜ್ಜಿ ಅಂತ ಶುರು ಮಾಡಿದ್ದಾನೆ. ತಮ್ಮನಿಗೆ ಫೋನ್ ಮಾಡಿದ್ದೇನೆ, ಸುಗ್ಗಿ ಮುಗಿದ ಮೇಲೆ ಹೆಳವರು ಬಂದರೆ ನಾನು ಬರುವವರೆಗೆ ಕೂರಿಸಿಕೋ ಅಂತ.